ಬಾಡಿಗೆಗೆ ಬಂದವರ ಮಡಿಲು ತುಂಬಿದ ಓರಗಿತ್ತಿ

ನನ್ನ ಓರಗಿತ್ತಿಗೆ ಇದ್ದದ್ದು ಒಂದೂವರೆ ಹುಬ್ಬು. ಬಲಗಡೆಯದು ಪೂರ್ತಿ, ಎಡಗಡೆಯದು ಅರ್ಧ. ಉಳಿದರ್ಧ ಬಚ್ಚಲೊಲೆಗೆ ಹೋಗಿತ್ತು. ಯಾರೋ ಬೆಂಗಳೂರಿನವರ ಕೂಸಿಗೆ ಬಿಸಿನೀರು ಬೇಕು ಅಂದರು ಅಂತ ಹಂಡೆ ಕೆಳಗೆ ತೆಂಗಿನ ಮಟ್ಟೆ ಒಡ್ಡಿ, ಊದುಗೊಳವೆಯಲ್ಲಿ ಊದುತ್ತಾ ಕೂತಿದ್ದಾಗ ಬೆಂಕಿ ಭಗ್ ಅಂತ ಎದ್ದು ಮುಖಕ್ಕೆ ಬಂತು. ಸೋಮವಾರದಿಂದ ಶುಕ್ರವಾರದವರೆಗೆ ಒಂದೂವರೆ ಹುಬ್ಬಿನಲ್ಲೇ ಓಡಾಡುತ್ತಿದ್ದಳು. ಶನಿವಾರ ಗುಡಿ ನೋಡುವವರ ಕಾರು ಬರುವ ಹೊತ್ತಿಗೆ ಕಾಡಿಗೆ ತೀಡಿ ಎರಡು ಮಾಡಿಕೊಂಡು ಜಗಲಿ ಮೇಲೆ ಕೂರುತ್ತಿದ್ದಳು. ಆ ಬರೆದ ಹುಬ್ಬು ಯಾವಾಗಲೂ ಒಂದು ಎಳೆ ಮೇಲಕ್ಕೇ ಇರುತ್ತಿತ್ತು. ಹಾಗಾಗಿ ಶನಿವಾರ ಭಾನುವಾರ ಅವಳು ನನ್ನನ್ನು ನೋಡಿದಾಗಲೆಲ್ಲ ‘ನೀನಾ? ನಿನ್ನ ಕೈಲಾಗುತ್ತಾ?’ ಅಂತ ಕೇಳಿದ ಹಾಗೇ ಕಾಣುತ್ತಿತ್ತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅಂತಾರೆ. ಬರೆಯುವವರು ಬರೆಯಲಿ. ನಾನು ಅವಳ ಜೊತೆ ಹದಿನಾಲ್ಕು ವರ್ಷ ಒಂದೇ ಗೋಡೆಯ ಆಚೆ ಈಚೆ ಹಲ್ಲು ಕಚ್ಚಿಕೊಂಡು ಬಾಳಿದವಳು.

ನಮ್ಮ ಮನೆ ಹಾಸನದ ಹತ್ತಿರದ ಮೊಸಳೆ ಅನ್ನುವ ಊರಿನಲ್ಲಿ, ಜೋಡಿ ಗುಡಿಗೆ ಹೋಗುವ ಬೀದಿಯಲ್ಲೇ. ಅಣ್ಣತಮ್ಮಂದಿರಿಗೆ ಭಾಗವಾದಾಗ ದೊಡ್ಡವರು ಅಂತ ಭಾವನಿಗೆ ಬೀದಿ ಕಡೆಯ ಅರ್ಧ ಹೋಯಿತು. ನನ್ನ ಗಂಡನಿಗೆ ಹಿಂದಿನ ಅರ್ಧ: ಕೊಟ್ಟಿಗೆ, ಹುಲ್ಲಿನ ಮೆದೆ ಒಟ್ಟುವ ಜಾಗ, ಒಂದು ಹಲಸಿನ ಮರ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, ಬೀದಿ ಕಡೆಯ ಒಂದೇ ಒಂದು ಕೋಣೆ ನಮಗೂ ಇರಲಿ, ಗುಡಿಗೆ ಬಂದವರಿಗೆ ಕಾಫಿ ಟೀ ಮಾಡಿಕೊಟ್ಟುಕೊಂಡು ಬದುಕಿಕೊಳ್ಳುತ್ತೇವೆ ಅಂದೆ. ಕೂತಿದ್ದ ಹಿರಿಯರು ಹೂಂ ಅನ್ನುವುದರಲ್ಲಿದ್ದರು. ಅಷ್ಟರಲ್ಲಿ ಅವಳು ಬಾಯಿ ಹಾಕಿದಳು.

“ಅವಳ್ಗೆ ಹಿಂದಿಂದೇ ಸಾಕು ಬುಡಿ. ದಂಡಿಗನಹಳ್ಳಿ ಕಡೆಯೋಳು, ದನ ಕಟ್ಕಂಡು ನೆಮ್ದಿಯಾಗಿರ್ತಾಳೆ. ಮನೇಗ್ ಬಂದೋರ್ನ ಮಾತಾಡ್ಸಾಕೇ ಬರಾಕಿಲ್ಲ ಅವಳ್ಗೆ.”

ಹಿರಿಯರು ನಕ್ಕರು. ನನ್ನ ಗಂಡನೂ ನಕ್ಕ, ಅದನ್ನೂ ಮರೆತಿಲ್ಲ. ಆ ಮಾತು ಹಲಸಿನ ಮೇಣದ ಹಾಗೆ ಅಂಟಿಕೊಂಡಿತು. ಅವಳ ಜಗಲಿಗೆ ಬರುವ ಜನರೆಲ್ಲ ಅವಳ ಕಣ್ಣೆದುರಿಗೇ ಅವಳ ಬಾಗಿಲು ದಾಟಿ ನನ್ನ ಮನೆಗೆ ಬರುವ ಹಾಗೆ ಮಾಡದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡೆ. ಅವತ್ತಿಂದ ಅದೊಂದೇ ನನ್ನ ಗುರಿ.

ಅವಳು ಮೊದಲು ಶುರುಮಾಡಿದಳು. ಗುಡಿ ನೋಡಲು ಬಂದ ಹೆಂಗಸರು ಮಗುವಿಗೆ ಬಚ್ಚಲು ಕೇಳಿಕೊಂಡು ಬರುತ್ತಿದ್ದರು. ಬಚ್ಚಲು ಕೊಟ್ಟವಳು ಕಾಫಿ ಕೊಟ್ಟಳು, ಕಾಫಿ ಕೊಟ್ಟವಳು ಊಟ ಹಾಕಿದಳು, ಊಟ ಮಾಡಿದವರು ಇಲ್ಲೇ ಒಂದು ದಿನ ಇರಬಹುದಾ ಅಂದರು. ಎರಡು ಕೋಣೆ ಸುಣ್ಣ ಹೊಡೆಸಿ ಬಾಡಿಗೆಗೆ ಬಿಟ್ಟಳು. ನಾನು ಎಮ್ಮೆ ಮಾರಿ, ಒಂದು ಹಸು ಕರು ಮಾತ್ರ ಹಲಸಿನ ಮರದಡಿ ಕಟ್ಟಿಕೊಂಡು, ಕೊಟ್ಟಿಗೆಯನ್ನೇ ಮೂರು ರೂಮು ಮಾಡಿದೆ. ಹಾಸನದಲ್ಲಿ ಹಳೇ ಲಾಡ್ಜೊಂದನ್ನು ಒಡೆಯುತ್ತಿದ್ದರು. ಕಮೋಡು, ವಾಶ್‌ಬೇಸಿನ್ನು, ಗೀಸರು, ಬಾಗಿಲು, ಎಲ್ಲ ಬೇಕಿತ್ತು. ಒಡೆಸುವವನು ಒಂದು ರೇಟು ಹೇಳಿದ. ನಾನು ಉತ್ತರವನ್ನೇ ಕೊಡದೆ ಧೂಳು ಹಿಡಿದ ಕಮೋಡಿನ ಮುಚ್ಚಳ ಒರೆಸಿ ಅದರ ಮೇಲೇ ಕೂತೆ. ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವರು ಸೋತರು, ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಊಟದ ಹೊತ್ತಿಗೆ ಅವನೇ ಟೆಂಪೊ ಕರೆಸಿ, ಅರ್ಧ ಬೆಲೆಗೆ ಸಾಮಾನೆಲ್ಲ ಹೇರಿ ಕಳಿಸಿದ.

ಮಕ್ಕಳು ಮರಿ ಕಟ್ಟಿಕೊಂಡು ನಮ್ಮ ಕಡೆ ಗುಡಿ ನೋಡಲು ಬರುವವರಿಗೆ ಇಲ್ಲೇ ನಾಲ್ಕು ಮಾತು ಹೇಳಿಬಿಡುತ್ತೇನೆ. ಟವಲನ್ನು ಹಂಸದ ಹಾಗೆ ಮಡಿಸಿ ಹಾಸಿಗೆ ಮೇಲೆ ಕೂರಿಸಿದ ಫೋಟೋ ನೋಡಿ ಮರುಳಾಗಬೇಡಿ, ಹಂಸ ಇರುವ ಕಡೆ ನೀರು ಇರಲ್ಲ. ‘ಫ್ಯಾಮಿಲಿ’ ಅನ್ನುವ ಬೋರ್ಡನ್ನಂತೂ ನಂಬಲೇಬೇಡಿ, ಆ ಪದ ಬಾರಿನ ಬೋರ್ಡಿನಲ್ಲೇ ಹೆಚ್ಚು ಕಾಣುವುದು. ಮಂಚ ನೋಡುವ ಮುಂಚೆ ಬಚ್ಚಲು ನೋಡಿ. ಒಳಗಿನ ಚಿಲಕ ಮಗುವಿನ ಕೈಗೆ ಎಟುಕುವಂತಿದ್ದರೆ ಅದು ಹಾಕಿಕೊಂಡೇ ತೀರುತ್ತದೆ, ನೀವು ಹೊರಗೆ ನಿಂತು ಅಳಬೇಕಾಗುತ್ತದೆ. ನೀರಿನ ಸಂಪಿನ ಮುಚ್ಚಳ ಕಾಲಲ್ಲಿ ಒತ್ತಿ ನೋಡಿ. ಬೆಳಿಗ್ಗೆ ಐದಕ್ಕೆ ಹಾಲು ಬಿಸಿ ಮಾಡಿಕೊಡ್ತೀರಾ ಅಂತ ಕೇಳಿ, ‘ನೋಡೋಣ’ ಅಂದರೆ ಕಾರು ತಿರುಗಿಸಿ. ಮತ್ತೆ, ಬಾಡಿಗೆ ಮಾತಾಡಿ ಮುಗಿಯುವವರೆಗೆ ಮಗುವನ್ನು ಕಂಕುಳಿಂದ ಇಳಿಸಬೇಡಿ. ಇಳಿಸಿದರೆ ಅದು ಕರುವಿನ ಹಿಂದೆ ಓಡುತ್ತದೆ, ಅಲ್ಲಿಗೆ ನಿಮ್ಮ ಚೌಕಾಸಿ ಮುಗಿಯಿತು. ನಾನು ಕರು ಬಿಚ್ಚುವುದೇ ಆ ಹೊತ್ತಿಗೆ.

ಇದರಲ್ಲಿ ಚಿಲಕದ ಮಾತು ನನ್ನದಲ್ಲ, ಅವಳಿಂದ ಕದ್ದದ್ದು. ರೂಮು ಗುಡಿಸಿ ಒರೆಸಿದ ಮೇಲೆ ಅವಳು ಕುಕ್ಕರುಗಾಲಲ್ಲಿ ರೂಮಿನ ತುಂಬ ಓಡಾಡುತ್ತಿದ್ದಳು. ಒಂದು ದಿನ ಗೋಡೆ ಮೇಲಿಂದ ಇಣುಕಿ “ಏನಕ್ಕ, ಕಪ್ಪೆ ಆದ್ಯಾ?” ಅಂದೆ. ತಲೆ ಎತ್ತದೆ “ಕೂಸಾಗಿದ್ದೀನಿ ಕಣೆ. ಕೂಸಿನ ಎತ್ತರ್ಕೆ ಏನೇನ್ ಕೈಗ್ ಸಿಕ್ತದೆ ಅಂತ ನೋಡ್ತಿದ್ದೀನಿ. ನಿಂಗ್ಯಾಕೆ, ಓಗು” ಅಂದಳು. ಮಾರನೇ ದಿನವೇ ನಾನು ನನ್ನ ರೂಮುಗಳಲ್ಲಿ ಬಾಗಿಲು ಹಾಕಿಕೊಂಡು ಕುಕ್ಕರುಗಾಲಲ್ಲಿ ಓಡಾಡಿದೆ. ಪ್ಲಗ್ಗು, ಮೊಳೆ, ಚಿಲಕ, ಮೂರೂ ಸಿಕ್ಕವು.

ಜಗಳ ಹೀಗಿತ್ತು ನೋಡಿ. ನನ್ನ ಮನೆಗೆ ಬರಬೇಕಾದರೆ ಅವಳ ಜಗಲಿ ಪಕ್ಕದ ಸಂದಿಯಲ್ಲೇ ಬರಬೇಕು. ಫೋನಿನಲ್ಲಿ ನನ್ನ ರೂಮು ಹಿಡಿದವರು ಬಂದು ದಾರಿ ಕೇಳುತ್ತಿದ್ದದ್ದು ಅವಳನ್ನೇ.

“ಆ ಮನೇನಾ? ಅದು ಕೊಟ್ಗೆ ಕಣಪ್ಪ. ನೆನ್ನೆ ಮೊನ್ನೆವರ್ಗೂ ಎಮ್ಮೆ ಕಟ್ತಿದ್ರು. ಓಗಿ, ಓಗಿ, ನಾನೇನ್ ಬ್ಯಾಡ ಅನ್ನಾಕಿಲ್ಲ. ಮಗೀಗೆ ದನದ್ ಉಣ್ಣೆ ಅತ್ಕಂಡು ಕಚ್ಚಿದ್ರೆ ಮಾತ್ರ ನನ್ನ ಬಂದ್ ಕೇಳ್ಬ್ಯಾಡಿ.”

ಎಷ್ಟೋ ಜನ ಅಲ್ಲೇ ಇಳಿದು ಅವಳ ಮನೆಗೇ ಹೊಕ್ಕರು. ನಾನು ಸುಮ್ಮನಿರುವವಳೇ? ಫೋನು ಮಾಡಿದವರಿಗೆಲ್ಲ ಮೊದಲೇ ಹೇಳತೊಡಗಿದೆ: “ಬೀದಿ ಬಾಗಿಲಲ್ಲಿ ಒಬ್ಬಳು ಕೂತಿರ್ತಾಳೆ ಮೇಡಂ, ಒಂದು ಹುಬ್ಬು ಬರ್ಕೊಂಡಿರ್ತಾಳೆ. ಪಾಪ, ತಲೆ ಸರಿಯಿಲ್ಲ. ಏನು ಹೇಳಿದ್ರೂ ನಗ್ತಾ ಬಂದ್ಬಿಡಿ.” ಅವರು ನಗುತ್ತಾ ಬಂದರು. ಅವಳು ಬೈದಳು, ಬೈದಷ್ಟೂ ಅವರು ನಕ್ಕರು. ಆರು ತಿಂಗಳು ಅವಳಿಗೆ ಕಾರಣವೇ ತಿಳಿಯಲಿಲ್ಲ. ತಿಳಿದ ದಿನ ಗೋಡೆ ಮೇಲಿಂದ ಪೊರಕೆ ಹಾರಿ ಬಂತು. ಹೊಸ ಪೊರಕೆ, ಇಟ್ಟುಕೊಂಡೆ.

ಹೊಸಬರನ್ನು ಹೀಗೆ ಹೇಗೋ ಹಿಡಿದೆ. ಆದರೆ ಒಂದು ವಿಷಯ ನನ್ನ ನಿದ್ದೆ ಕೆಡಿಸಿತು. ಅವಳ ಮನೆಗೆ ಒಂದು ಸಲ ಬಂದವರು ವರ್ಷವರ್ಷವೂ ಬರುತ್ತಿದ್ದರು. ನನ್ನ ಮನೆಗೆ ಬಂದವರು ಫೋನಿನಲ್ಲಿ ಐದು ನಕ್ಷತ್ರ ಒತ್ತಿ ಹೋಗುತ್ತಿದ್ದರು, ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಗೀಸರು ನನ್ನಲ್ಲಿ, ಟಿವಿ ನನ್ನಲ್ಲಿ, ಕರು ನನ್ನಲ್ಲಿ. ಅವಳಲ್ಲಿ ಏನಿದೆ?

ತುಮಕೂರಿನ ಒಬ್ಬ ಟೀಚರಮ್ಮ ಗಂಡ ಮಗಳ ಜೊತೆ ಪ್ರತಿ ದಸರಾ ರಜೆಗೆ ಅವಳಲ್ಲಿಗೆ ಬರುತ್ತಿದ್ದರು. ಅವರು ಹೊರಡುವ ಬೆಳಿಗ್ಗೆ ಸಂದಿಯಲ್ಲಿ ನಿಂತು ಕದ್ದು ನೋಡಿದೆ. ಅವಳು ಟೀಚರಮ್ಮನನ್ನು ಹೊಸ್ತಿಲೊಳಗೆ ಪೂರ್ವಕ್ಕೆ ಮುಖ ಮಾಡಿಸಿ ನಿಲ್ಲಿಸಿದ್ದಳು. ಅವರು ಹಾಕಿದ್ದು ಜೀನ್ಸ್ ಪ್ಯಾಂಟು, ಸೆರಗೆಲ್ಲಿಂದ ಬರಬೇಕು? ಒಂದು ಹೊಸ ಟವಲನ್ನು ಅವರ ಸೊಂಟಕ್ಕೆ ಸುತ್ತಿ, ತುದಿ ಹಿಡಿಸಿ, ಅದರೊಳಕ್ಕೆ ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಎರಡಚ್ಚು ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಹಾಕಿ, ಅರಿಶಿನ ಕುಂಕುಮ ಇಟ್ಟಳು. ಮಡಿಲಕ್ಕಿ! ತವರಿಂದ ಗಂಡನ ಮನೆಗೆ ಹೊರಟ ಹೆಣ್ಣುಮಗಳಿಗೆ ಕಟ್ಟಿಕೊಡುವ ಮಡಿಲಕ್ಕಿಯನ್ನು ಬಾಡಿಗೆಗೆ ಬಂದವರಿಗೆ ಕಟ್ಟುತ್ತಿದ್ದಾಳೆ!

“ಲಾಡ್ಜಿಗ್ ಬಂದಂಗ್ ಬರ್ಬ್ಯಾಡ ಕಣವ್ವ, ತವರ್ಗ್ ಬಂದಂಗ್ ಬಾ. ಬರ್ದಿದ್ರೆ ಫೋನ್ ಮಾಡಿ ಬಯ್ತೀನಿ.”

ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತಾ ಕಾರು ಹತ್ತಿದರು. ಬಾಡಿಗೆ ಕೊಟ್ಟವರು ಅಳುತ್ತಾರೆ, ಇಸ್ಕೊಂಡವಳು ಬಯ್ಯುತ್ತಾಳೆ. ಗುಟ್ಟು ಇಷ್ಟೇನಾ ಅಂದುಕೊಂಡೆ. ಮುಂದಿನ ವಾರವೇ ಚನ್ನರಾಯಪಟ್ಟಣದಲ್ಲಿ ನನ್ನ ಫೋನ್ ನಂಬರಿನ ಅಚ್ಚು ಹಾಕಿಸಿ ಬಟ್ಟೆ ಚೀಲ ಮಾಡಿಸಿದೆ. ಅವಳಿಗಿಂತ ಸಣ್ಣಕ್ಕಿ, ಅವಳಿಗಿಂತ ಒಳ್ಳೆ ರವಿಕೆ ಕಣ. ಹೊರಟವರ ಕೈಗೆ ಒಂದೊಂದು ಕೊಟ್ಟೆ. “ಥ್ಯಾಂಕ್ಯೂ ಆಂಟಿ” ಅಂದರು. ರೂಮು ಗುಡಿಸಲು ಹೋದರೆ ಚೀಲ ಮಂಚದ ಮೇಲೇ ಕೂತಿತ್ತು. ಒಬ್ಬರಂತೂ, ಇದು ಯಾವ ಬ್ರ್ಯಾಂಡಿನ ಅಕ್ಕಿ ಅಂತ ಕೇಳಿದರು. ಗೋಡೆ ಆಚೆಯಿಂದ ದನಿ ಬಂತು:

“ಏನಮ್ಮೀ, ರೇಶನ್ ಅಂಗ್ಡಿ ಮಡಗಿದ್ದೀಯಂತೆ? ಕಾರ್ಡ್ ತತ್ತೀನಿ, ನಂಗೂ ಒಂದೈದ್ ಕೇಜಿ ಅಳಿ.”

ಗೋಡೆ ಎದ್ದು ಹನ್ನೊಂದನೇ ವರ್ಷ ಭಾವ ಹೋದರು. ಹೊಳೆನರಸೀಪುರದಿಂದ ಬಂದು ಬಸ್ಸಿಳಿದವರು, ಒಂಚೂರು ಕೂರ್ತೀನಿ ಅಂತ ಕೂತಲ್ಲೇ ಹೋದರು. ಅವಳ ಹಣೆಯಲ್ಲಿ ವಿಭೂತಿ ಮಾತ್ರ ಉಳಿಯಿತು. ಶನಿವಾರ ಭಾನುವಾರವೂ ಒಂದೂವರೆ ಹುಬ್ಬಿನಲ್ಲೇ ಇರತೊಡಗಿದಳು.

ಆ ದಸರಾಕ್ಕೂ ಟೀಚರಮ್ಮ ಬಂದರು. ಹೊರಡುವ ಬೆಳಿಗ್ಗೆ ಅವಳು ಅಭ್ಯಾಸದಂತೆ ಟವಲು ಸುತ್ತಿ, ಮೊರದಿಂದ ಅಕ್ಕಿ ಬೊಗಸೆಗೆ ತುಂಬಿಕೊಂಡಳು. ಎದುರುಮನೆ ದೊಡ್ಡಮ್ಮ ಅವರ ಬಾಗಿಲಿಂದಲೇ ಕೂಗಿದರು:

“ಏಯ್, ಏನವ್ವಾ ಅದು? ಕೈ ತಗಿ! ಮುತ್ತೈದೆ ಮಡ್ಲು ಅದು, ನಿನ್ ಕೈಯಾಗ್ ಆಕ್ತಾರಾ?”

ಇಡೀ ಬೀದಿಗೆ ಕೇಳಿಸಿತು. ಹಿತ್ತಲಲ್ಲಿದ್ದ ನನಗೂ ಕೇಳಿಸಿತು. ಸಂದಿಯ ತುದಿಗೆ ಬಂದು ನಿಂತೆ.

“ನನಗೇನೂ ಅಭ್ಯಂತರ ಇಲ್ಲ ಅಕ್ಕ, ನೀವೇ ಹಾಕಿ” ಅಂದರು ಟೀಚರಮ್ಮ.

“ಬ್ಯಾಡ ಕಣವ್ವ. ನಾಳೆ ನಿಂಗೊಂದ್ ತಲೆನೋವ್ ಬಂದ್ರೂ ನನ್ ಕೈಯಿಂದ್ಲೇ ಬಂತು ಅಂದ್ಕತೀನಿ.” ಬೊಗಸೆಯ ಅಕ್ಕಿ ಮೊರಕ್ಕೆ ಸುರಿದಳು. ಆಮೇಲೆ ಅಷ್ಟು ವರ್ಷದಲ್ಲಿ ಮೊದಲ ಸಲ ಸಂದಿಯ ಕಡೆ ತಿರುಗಿ ಕರೆದಳು: “ಲೇ ಅಮ್ಮೀ, ಒಸಿ ಬಂದೋಗೆ ಇಲ್ಲಿ. ಈ ಮಗೀಗೆ ಮಡ್ಲಕ್ಕಿ ಕಟ್ಬುಟ್ಟೋಗು.”

ಆ ಕರೆಗೆ ಹನ್ನೊಂದು ವರ್ಷ ಕಾದಿದ್ದೆ. ತಕ್ಷಣ ಹೋಗಲಿಲ್ಲ. ಒಳಗೆ ಹೋಗಿ ಮದುವೆಯ ರೇಷ್ಮೆ ಸೀರೆ ಉಟ್ಟೆ. ತಲೆಗೆ ಮಲ್ಲಿಗೆ, ಹಣೆಗೆ ಕಾಸಗಲ ಕುಂಕುಮ, ಎರಡು ಕೈಗೂ ಡಜನ್ ಗಾಜಿನ ಬಳೆ. ನಾನು ಹೊಸ್ತಿಲು ತುಳಿದಾಗ ಅವಳು ಬಾಗಿಲ ಹಿಂದಕ್ಕೆ ಸರಿದು ನಿಂತಳು. ಬಳೆ ಸದ್ದು ಮಾಡುತ್ತಾ, ಬೇಕಂತಲೇ ನಿಧಾನವಾಗಿ, ಐದು ಬೊಗಸೆ ತುಂಬಿದೆ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಸೊಂಟದಿಂದ ನನ್ನ ರೂಮಿನ ಕಾರ್ಡು ತೆಗೆದು ಅಕ್ಕಿಯೊಳಗೆ ತೂರಿಸಿದೆ.

ಮುಂದೆ ಒಂದು ವರ್ಷ, ಅವಳ ಮನೆಯಿಂದ ಯಾರು ಹೊರಟರೂ ಕರೆ ಬರುತ್ತಿತ್ತು, ನಾನು ಹೋಗುತ್ತಿದ್ದೆ, ಕಾರ್ಡೂ ಹೋಗುತ್ತಿತ್ತು.

ಫಲ ಬಂತು. ಅವಳ ಹಳೇ ಕುಟುಂಬಗಳೆಲ್ಲ ಒಂದೊಂದಾಗಿ ನನಗೆ ಫೋನು ಮಾಡಿದವು. ಮುಂದಿನ ದಸರಾಕ್ಕೆ ಟೀಚರಮ್ಮನ ಕಾರೇ ಅವಳ ಜಗಲಿ ದಾಟಿ ಸಂದಿಗೆ ತಿರುಗಿತು. ನಾನು ಕಾರಿನ ಮುಂದೆ ಮುಂದೆ ಮೆರವಣಿಗೆ ಹೊರಟವಳ ಹಾಗೆ ನಡೆದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಬೈಯಲಿ, ಕೂಗಾಡಲಿ ಅಂತ ಎರಡು ಸಲ ಕೆಮ್ಮಿದೆ. ತಲೆಯೆತ್ತಲಿಲ್ಲ.

ಬಂದವರ ಕಾಟ ಮಾತ್ರ ಹೇಳಬಾರದು. ಟೀಚರಮ್ಮ ಬ್ಯಾಗು ಇಳಿಸುವ ಮುಂಚೆಯೇ, “ಮಗಳಿಗೆ ಗೀಸರ್ ನೀರು ಬೇಡ, ಹಂಡೆ ನೀರೇ ಆಗಬೇಕು” ಅಂದರು. ಬೆಳಿಗ್ಗೆ ಅಕ್ಕಿರೊಟ್ಟಿ ಬೇಕು, ಅದೂ ಎಲೆ ಮೇಲೆ ತಟ್ಟಿದ್ದಲ್ಲ, ಕಾದ ಹೆಂಚಿನ ಮೇಲೇ ಕೈಯಲ್ಲಿ ತಟ್ಟಿದ್ದು. ಊಟಕ್ಕೆ ಬಡಿಸಿ ಒಳಗೆ ಹೋದರೆ ಒಪ್ಪುತ್ತಿರಲಿಲ್ಲ: “ನೀವೂ ನಮ್ಮ ಜೊತೆ ಕೂತ್ಕೋಬೇಕು, ಮಾತಾಡ್ತಾ ಊಟ ಮಾಡಬೇಕು.” ಅವರಿಗಿಂತ ಮುಂಚೆ ಅವಳ ಕಡೆಯಿಂದ ಬಂದಿದ್ದ ಒಂದೊಂದು ಕುಟುಂಬವೂ ಇದೇ ಮೂರು ಕೇಳಿತ್ತು. ಪೇಟೆಯವರ ಹುಚ್ಚು ಅಂದುಕೊಂಡೆ. ಒಂದೇ ತಿಂಗಳಲ್ಲಿ ಹತ್ತು ಬೆರಳೂ ಬೊಬ್ಬೆ ಎದ್ದವು, ಹಾಸನದ ಗೀಸರಿಗೆ ಜೇಡ ಗೂಡು ಕಟ್ಟಿತು.

ಹೊರಡುವ ದಿನ ಟೀಚರಮ್ಮನಿಗೆ ಟವಲು ಸುತ್ತುತ್ತಾ, “ಕಾರ್ಡು ಜೋಪಾನವಾಗಿ ಇಟ್ಕೊಂಡಿದ್ರಾ ಮೇಡಂ?” ಅಂತ ಮೆಲ್ಲಗೆ ಕೇಳಿದೆ.

“ಅಯ್ಯೋ, ಆ ಕಾರ್ಡಾ? ಹಾಸನ ದಾಟೋದರೊಳಗೆ ಸಿಕ್ತು. ಆಗಲೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಬಿದ್ದು ಬಿದ್ದು ನಕ್ಕರು. ‘ಅವಳ್ ಮನೇಗೇ ಓಗವ್ವ, ನಂಗೂ ಮಂಡಿ ಸೋತೋಗದೆ. ಆದ್ರೆ ಸುಮ್ಕೆ ಬುಡ್ಬ್ಯಾಡ. ಅಂಡೆ ನೀರೇ ಕೇಳು, ಕೈಲಿ ತಟ್ಟಿದ್ ರೊಟ್ಟಿನೇ ಕೇಳು, ಕೂರುಸ್ಕಂಡ್ ಮಾತಾಡ್ಸು. ಅವಳೂ ಒಸಿ ಬೆರಳ್ ಸುಟ್ಕಳ್ಳಿ’ ಅಂದ್ರು. ಎಲ್ಲರಿಗೂ ಹಾಗೇ ಹೇಳಿ ಕಳಿಸಿದ್ದಾರಂತೆ.”

ನಾನು ಕದ್ದೆ ಅಂದುಕೊಂಡಿದ್ದನ್ನೆಲ್ಲ ಅವಳೇ ಎತ್ತಿ ಕೊಟ್ಟಿದ್ದಳು. ಕೊಟ್ಟು, ಜಗಲಿಯಲ್ಲಿ ಕೂತೇ ನನ್ನನ್ನು ಆಳಿನ ಹಾಗೆ ದುಡಿಸಿದ್ದಳು. ಕಾರು ಹೋದ ಕೂಡಲೇ ನೇರ ಅವಳ ಜಗಲಿಗೆ ಹೋದೆ.

“ನಂಗೇ ಬುದ್ಧಿ ಕಲ್ಸಾಕ್ ಬಂದಿದ್ದೀಯಾ?”

“ಕಲ್ತ್ಯಲ್ಲ.”

“ಎಲ್ಲಾ ಗೊತ್ತಿದ್ದೂ ಯಾಕ್ ಕರೀತಿದ್ದೆ ನನ್ನ?”

“ಇನ್ಯಾರ್ನ ಕರೀಲಿ? ಎದುರ್ಮನೆಯೋಳ್ನಾ?” ಮೊರದ ಅಕ್ಕಿಯಲ್ಲಿ ಸಿಕ್ಕ ಕಲ್ಲೊಂದನ್ನು ಬೀದಿಗೆಸೆದಳು. “ಇನ್ನೊಂದ್ ತಿಳ್ಕ. ಕಾರ್ಡ್ನ ಅಕ್ಕಿಯೊಳಕ್ ಇಕ್ಬ್ಯಾಡ. ನೋಡ್ದೆ ಅನ್ನಕ್ಕಿಟ್ರೆ ಬೆಂದೋಯ್ತದೆ. ಎಲೆ ಅಡಿಕೆ ಮಡಿಕೆಯಾಗ್ ಇಕ್ಕು. ಬಿಚ್ದಾಗ ಕಣ್ಗ್ ಬೀಳ್ತದೆ.”

ಇವತ್ತಿಗೂ ಕಾರ್ಡನ್ನು ಎಲೆ ಮಡಿಕೆಯಲ್ಲೇ ಇಡುತ್ತೇನೆ. ನನ್ನ ಮನೆಗೂ ಈಗ ಜನ ವರ್ಷವರ್ಷ ಬರುತ್ತಾರೆ.

ಅದಾದ ಎರಡನೇ ಮಾಗಿಯ ಚಳಿಯಲ್ಲಿ ಅವಳಿಗೆ ಜ್ವರ ಹಿಡಿಯಿತು. ಹಾಸನದ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಬಂದವಳು, ಮನೆಗೆ ಬಂದ ಮಾರನೇ ಬೆಳಿಗ್ಗೆ ಹೋದಳು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅಲ್ಲೂ ಜಗಲಿ ಮೇಲೆ ಕೂತ ಹಾಗೇ ಕೂತಿದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಡೆಯ ಏಟು ಅವಳದಾಗಿತ್ತು, ತಿರುಗಿಸಿ ಕೊಡಲು ಅವಳೇ ಇರಲಿಲ್ಲ.

ಅರಕಲಗೂಡಿನಲ್ಲಿ ಅಂಗಡಿ ಇಟ್ಟಿರುವ ಅವಳ ಮಗ ಬೀದಿ ಮನೆಯನ್ನು ಗುತ್ತಿಗೆಗೆ ಕೊಡುತ್ತೇನೆ ಅಂದಾಗ, ಕುಡಿಯುವವರಿಗೆ ರೂಮು ಬಿಡುವವನೊಬ್ಬ ಆಗಲೇ ಬಂದು ಕೂತಿದ್ದ. ಅವನ ಪಕ್ಕದಲ್ಲೇ ಹೋಗಿ ಕೂತೆ. ಅವನು ಎದ್ದು ಹೋಗುವವರೆಗೂ ಕೂತೆ. ಬೀದಿ ಬಾಗಿಲ ಬೀಗದ ಕೈ ನನ್ನ ಸೊಂಟಕ್ಕೆ ಬಂತು. “ಅಂತೂ ಸೇಡು ತೀರುಸ್ಕಂಡ್ಳು ಬುಡು” ಅಂತ ಊರವರು ಅಂದರು. ಹೌದು, ತೀರಿಸಿಕೊಂಡೆ.

ಆದರೆ ಅವಳ ಜಗಲಿ ಮೇಲೆ ಒಬ್ಬಳೇ ಕೂತಾಗ ಒಂದು ಬೆಳಿಗ್ಗೆ ಮಾತ್ರ ಎದುರಿಗೆ ಬಂದು ನಿಲ್ಲುತ್ತದೆ. ಅವತ್ತು ನಾನು ರೇಷ್ಮೆ ಉಡಲು ಒಳಗೆ ಹೋದೆನಲ್ಲ, ಅದರ ಬದಲು ಬೀದಿಗೆ ಬಂದು, ‘ನೀನೇ ಹಾಕಕ್ಕ, ಯಾವಳು ಕೇಳ್ತಾಳೆ ನೋಡೇಬಿಡೋಣ’ ಅಂದಿದ್ದರೆ ಮುಗಿದಿತ್ತು. ಆ ಬೀದಿಯಲ್ಲಿ ಅಷ್ಟು ದೊಡ್ಡ ಬಾಯಿ ಇದ್ದವಳು ನಾನೊಬ್ಬಳೇ. ಅವಳ ಮೇಲಿನ ಸಿಟ್ಟು ನನ್ನದಾಗಿತ್ತು. ಅವಳನ್ನು ಬಾಗಿಲ ಹಿಂದೆ ನಿಲ್ಲಿಸುವ ಅಧಿಕಾರ ಬೇರೆಯವರಿಗೆ ಯಾಕೆ ಬಿಟ್ಟುಕೊಟ್ಟೆ?

ಹೋದ ತಿಂಗಳು ಬೀದಿ ಮನೆಗೆ ಒಂದು ಕುಟುಂಬ ಬಂದಿತ್ತು. ಗಂಡ ಹೆಂಡತಿ, ಎರಡು ಮಕ್ಕಳು, ಗಂಡನ ತಾಯಿ. ಹೊರಡುವಾಗ ಸೊಸೆಯನ್ನು ಜಗಲಿ ಮೇಲೆ ನಿಲ್ಲಿಸಿ ಮಡಿಲು ತುಂಬಿದೆ. ಅತ್ತೆ ತಾನಾಗಿಯೇ ಹಿಂದೆ ಸರಿದು ಕಂಬದ ಮರೆಗೆ ಹೋದರು. ಹಣೆ ಬರಿದಾಗಿತ್ತು.

“ಬನ್ನಿ ಅಮ್ಮ, ಸೆರಗು ಹಿಡೀರಿ.”

“ನಂಗ್ಯಾಕವ್ವ? ನಾನು...”

“ಈ ಮನೇಲಿ ನಾನ್ ಹೇಳಿದ್ದೇ ನಡೆಯೋದು. ಹಿಡೀರಿ.”

ಎದುರುಮನೆ ದೊಡ್ಡಮ್ಮ ಬಾಗಿಲಿಗೆ ಬಂದರು. ಅವರ ಯಜಮಾನರು ಹೋಗಿ ಆರು ತಿಂಗಳಾಗಿತ್ತು. “ಏಯ್, ಯಾರ್ಗೇ ಆಕ್ತಿದ್ದೀಯ ಅದ್ನ?” ಅಂತ ಕೂಗಿದರು.

“ನನ್ ಮನೇಗ್ ಬಂದೋರ್ಗೆ ದೊಡ್ಡಮ್ಮ. ನೀವೂ ಬನ್ನಿ, ನಿಮ್ಗೂ ಆಕ್ತೀನಿ.”

ಬಾಗಿಲು ಧಡಾರ್ ಅಂತ ಮುಚ್ಚಿತು. ಆ ತಾಯಿಯ ಸೆರಗಿಗೆ ಐದರ ಮೇಲೆ ಇನ್ನೊಂದು ಬೊಗಸೆ ಹಾಕಿದೆ. ಮೊರದಲ್ಲಿ ಇನ್ನೂ ಅಕ್ಕಿ ಇತ್ತು. ದೊಡ್ಡಮ್ಮನಿಗೆ ಅಂತ ಅದನ್ನು ಹಾಗೇ ಎತ್ತಿಟ್ಟಿದ್ದೇನೆ. ಅವರ ಬಾಗಿಲಿಗೂ ನನ್ನ ಜಗಲಿಗೂ ನಡುವೆ ಇರುವುದು ಒಂದು ಬೀದಿ ಅಷ್ಟೆ, ಮತ್ತೆ ನನಗೆ ಕಾಯುವುದು ಚೆನ್ನಾಗಿ ಗೊತ್ತು.